ಅಪ್ಪನ ಇಂಜಿನ್ನಿಗೆ ನನ್ನ ಕಿವಿ

ನಮ್ಮ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿತು ಅಂದರೆ ಅಪ್ಪನ ಇಂಜಿನ್ನುಗಳು ಬಾಯಿ ಮುಚ್ಚಬೇಕಿತ್ತು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿಕೊಂಡು ಒಂದು ದಿನ ಅಲುಗಾಡದೆ ಕೂತು ಹಳೇ ಚರ್ಮ ಕಳಚುವುದಕ್ಕೆ ಶಿಡ್ಲಘಟ್ಟದ ಕಡೆ ನಾವು ಹಾಗೆನ್ನುತ್ತೇವೆ. ನಾಲ್ಕನೆಯದು ಮುಗಿಸಿದ ಹುಳು ವಾರವಿಡೀ ಎಡೆಬಿಡದೆ ಮೇಯುತ್ತದೆ, ಆಮೇಲೆ ಗೂಡು ಕಟ್ಟುತ್ತದೆ. ಆ ವಾರ ಪೆಟ್ರೋಲಿನ ಹೊಗೆ ಸೋಕಿದರೆ ಹಸಿರು ಕಕ್ಕಿ ಸಾಯುತ್ತದೆ ಅಂತ ಅಮ್ಮನ ಭಯ. ಭಯಕ್ಕೆ ಕಾರಣವೂ ಇತ್ತು, ಹಿಂದೆ ಒಂದು ಬೆಳೆ ಹಾಗೇ ಹೋಗಿತ್ತು. ಮನೆ ಕಟ್ಟಿದ್ದೇ ಜಗಳಕ್ಕೆ ಅನುಕೂಲವಾಗುವಂತೆ: ನಡುವೆ ಅಡುಗೆಮನೆ, ಎಡಕ್ಕೆ ಅಮ್ಮನ ಹುಳುಮನೆ, ಬಲಕ್ಕೆ ಅಪ್ಪನ ಜಗಲಿ. ಹುಳುಮನೆಯಲ್ಲಿ ಗೋಡೆಯುದ್ದಕ್ಕೂ ಬಿದಿರು ತಟ್ಟೆಗಳ ಅಟ್ಟ, ಸುಣ್ಣದ ವಾಸನೆ, ಸಾವಿರಾರು ಬಾಯಿಗಳು ಹಿಪ್ಪುನೇರಳೆ ಸೊಪ್ಪು ಕಡಿಯುವ ಸದ್ದು. ಜಗಲಿಯಲ್ಲಿ ಮರ ಕೊಯ್ಯುವ ಮಿಷನ್ನುಗಳು, ಬಿಚ್ಚಿಟ್ಟ ಚೈನುಗಳು, ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದ ನಟ್ಟು ಬೋಲ್ಟು. ಜಗಲಿಯಿಂದ ಅಡುಗೆಮನೆಗೆ ಕಾಲಿಡುವ ಮೊದಲು ಅಪ್ಪ ಸೀಗೆಪುಡಿ ಹಾಕಿ ಮೊಣಕೈವರೆಗೆ ತಿಕ್ಕಿಕೊಳ್ಳಬೇಕು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲದ್ದಬೇಕು, ಅಮ್ಮನ ಮುಂದೆ ಅಂಗೈ ಚಾಚಬೇಕು. ಅವಳು ಮೂಸಿ ನೋಡಿ ತಲೆಯಾಡಿಸಿದರೆ ಊಟ. ಆ ವಾರ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ. ಬೆಳಿಗ್ಗೆ ಮುದ್ದೆ ಉಪ್ಪುಸಾರು, ಸಂಜೆಗೂ ಮುದ್ದೆ ಉಪ್ಪುಸಾರು.

"ಹುಳಕ್ಕಾದ್ರೆ ದಿನಾ ತಾಜಾ ಸೊಪ್ಪು, ನಮ್ಗೆ ಮಾತ್ರ ಈ ಸಪ್ಪೆ ಊಟ," ಅಂತ ಅಪ್ಪ ಗೊಣಗುತ್ತಿದ್ದ.

"ಹುಳ ನಿಮ್ಮಂಗೆ ಹೊಗೆ ಬಿಡಲ್ಲ. ತಿನ್ನಿ ಸುಮ್ನೆ," ಅನ್ನುತ್ತಿದ್ದಳು ಅಮ್ಮ.

ಅವಳು ಅಂದದ್ದು ಅಪ್ಪನಿಗೆ ಕೇಳಿಸುತ್ತಿರಲಿಲ್ಲ. ರಿಪೇರಿಗೆ ಕೂರುವ ಮೊದಲು ಅವನು ವರ್ಷಗಟ್ಟಲೆ ಇವೇ ಮಿಷನ್ನು ಹಿಡಿದು ನೀಲಗಿರಿ ತೋಪುಗಳಲ್ಲಿ ಮರ ಕೊಯ್ದಿದ್ದ, ಕಿವಿಗೆ ಒಂದು ಚೂರು ಹತ್ತಿಯನ್ನೂ ಇಟ್ಟುಕೊಳ್ಳದೆ. ಕಿವಿ ಪೂರ್ತಿ ಹೋಗಿರಲಿಲ್ಲ. ದಪ್ಪ ದನಿ ಕೇಳುತ್ತಿತ್ತು, ತೆಳು ದನಿ ಕೇಳುತ್ತಿರಲಿಲ್ಲ. ಅಂದರೆ ಜಗಲಿಗೆ ಬರುವ ಗಂಡಸರು ಹೇಳಿದ್ದೆಲ್ಲ ಕೇಳುತ್ತಿತ್ತು. ಹೆಂಡತಿ, ಮಗಳು ಹೇಳಿದ್ದು, ಎದುರಿಗೆ ನಿಂತು ತುಟಿ ಕಾಣುವ ಹಾಗೆ ಹೇಳದಿದ್ದರೆ ಇಲ್ಲ. ಊರಿಗೆ ಈ ವಿಷಯ ಗೊತ್ತಾಗದೆ ಉಳಿದದ್ದು ಹೀಗೆ. ಅಮ್ಮ ಮೊದಮೊದಲು ಸಿಟ್ಟು ಬಂದಾಗ ಪಾತ್ರೆ ಕುಕ್ಕುತ್ತಿದ್ದಳಂತೆ. ಕೇಳಿಸದವನ ಮುಂದೆ ಕುಕ್ಕಿ ಪಾತ್ರೆ ನಗ್ಗಿಸಿಕೊಳ್ಳುವುದು ಯಾಕೆ ಅಂತ ಆಮೇಲೆ ಬಿಟ್ಟಳು. ಜಗಳ ಆಡಲೇಬೇಕು ಅನ್ನಿಸಿದಾಗ ಎದುರಿಗೆ ಮಣೆ ಹಾಕಿಕೊಂಡು ಕೂತು, ಪಾಠ ಹೇಳುವವಳಂತೆ ಒಂದೊಂದೇ ಮಾತು ಬಿಡಿಸಿ ಬಿಡಿಸಿ ಜಗಳ ಆಡುತ್ತಿದ್ದಳು. ನಮ್ಮ ಮನೆಯ ಜಗಳಗಳು ಅದಕ್ಕೇ ಅಷ್ಟು ನಿಧಾನ. ಮಧ್ಯದಲ್ಲಿ ಎಷ್ಟೋ ಸಲ ಇಬ್ಬರಿಗೂ ನಗು ಬಂದು ಅರ್ಧಕ್ಕೇ ನಿಲ್ಲುತ್ತಿತ್ತು.

ಆದರೆ ಕಿವಿಯ ವಿಷಯ ನಗುವಂಥದ್ದಾಗಿರಲಿಲ್ಲ. ಈಗ ಗೌರಿಬಿದನೂರಿನಲ್ಲಿ ಹುಡುಗರಿಗೆ ಇಂಜಿನ್ ಪಾಠ ಹೇಳುವ ನಾನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವುದನ್ನು ಆಗ ಅಪ್ಪ ಬೆರಳಲ್ಲಿ ತೋರಿಸಿ ಕಲಿಸಿದ. ಮರ ಕೊಯ್ಯುವ ಮಿಷನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ ಬೆರೆತು. ಪೆಟ್ರೋಲ್ ಎಷ್ಟು ಹೋಗಬೇಕು ಅನ್ನುವುದಕ್ಕೆ ಕಾರ್ಬುರೇಟರಿನಲ್ಲಿ ಒಂದು ಸಣ್ಣ ಸ್ಕ್ರೂ. ಜಾಸ್ತಿ ಹೋಗುತ್ತಿದ್ದರೆ ಫುಲ್ ಸ್ಪೀಡಿನಲ್ಲಿ ಮಿಷನ್ನು ಗಂಟಲಲ್ಲಿ ಕಫ ಕಟ್ಟಿದವರಂತೆ ಗೊರಗೊರ ಅನ್ನುತ್ತದೆ. ಸ್ಕ್ರೂ ಬಿಗಿ ಮಾಡುತ್ತಾ ಹೋದರೆ ಗೊರಗೊರ ಕರಗಿ ಕೊನೆಗೆ ಕಿರ್ರೆಂದು ಒಂದೇ ನಾದ. ಕೇಳುವವರಿಗೆ ಆ ನಾದವೇ ಚೆಂದ. ಆದರೆ ಆಗ ಇಂಜಿನ್ನು ಒಣಗಿ ಓಡುತ್ತಿರುತ್ತದೆ. ಎಣ್ಣೆ ಸಾಲದೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಸರಿಯಾದ ಜಾಗ ಇವೆರಡರ ಮಧ್ಯೆ ಒಂದು ಕೂದಲೆಳೆ: ಗೊರಗೊರ ಇನ್ನೇನು ಹೋಗಬೇಕು, ಹೋಗಿರಬಾರದು. ಅಪ್ಪನಿಗೆ ಕೇಳದೆ ಹೋಗಿದ್ದು ಆ ಒಂದು ಕೂದಲೆಳೆ. ಕೈಗೆ ಎರಡೂ ಒಂದೇ ನಡುಕ ಅನ್ನುತ್ತಿದ್ದ.

ಹಾಗಾಗಿ ನಾನು. ಆರನೇ ಕ್ಲಾಸಿನಿಂದಲೇ ಅಪ್ಪ ಮಿಷನ್ನು ಟ್ಯೂನ್ ಮಾಡುವಾಗ ನಾನು ಪುಸ್ತಕ ಬಿಡಿಸಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಕೆನ್ನೆಯ ಹತ್ತಿರ ಬಿಚ್ಚಿದ ಅಂಗೈ ತೋರಿಸಿದರೆ ಗೊರಗೊರ ಇದೆ, ಇನ್ನೂ ಬಿಗಿ ಮಾಡು. ಎರಡು ಬೆರಳು ತೋರಿಸಿದರೆ ಸರಿಯಾಗಿದೆ, ನಿಲ್ಲಿಸು. ಮುಷ್ಟಿ ಹಿಡಿದರೆ ಒಣಗಿತು, ಹಿಂದಕ್ಕೆ ತಿರುಗಿಸು. ಗಿರಾಕಿಗಳ ಕಣ್ಣಿಗೆ ನಾನು ಓದುತ್ತಾ ಕೆನ್ನೆ ಕೆರೆದುಕೊಳ್ಳುವ ಹುಡುಗಿ. ಮಿಷನ್ ರಿಪೇರಿಯವನಿಗೆ ಕಿವಿ ಇಲ್ಲ ಅಂತ ಒಬ್ಬನಿಗೆ ಗೊತ್ತಾದರೂ ಸಾದಲಿಯಿಂದ ಚಿಂತಾಮಣಿವರೆಗೆ ಗೊತ್ತಾಗುತ್ತದೆ, ಆಮೇಲೆ ಜಗಲಿ ಖಾಲಿ. ಇದನ್ನು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನಗೆ ಆ ಕೆಲಸದ ಬಗ್ಗೆ ಜಂಬ ಇತ್ತು. ಅಪ್ಪನಿಗೆ ಇಲ್ಲದ್ದು ನನಗಿದೆ ಅನ್ನುವ ಜಂಬ, ಸುಳ್ಳು ಯಾಕೆ ಹೇಳಲಿ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಚಿಂತಾಮಣಿ ಕಡೆಯ ಗಂಗುಲಪ್ಪ ಬಂದ. ಮರ ಕೊಯ್ಯುವುದೇ ಕಸುಬು, ಮಾತಿನಲ್ಲಿ ಅರ್ಧ ತೆಲುಗು. ರಸ್ತೆ ಅಗಲ ಮಾಡಲು ಎರಡೂ ಬದಿಯ ಹುಣಸೆ ಮರಗಳನ್ನು ತೆಗೆಯುವ ಕೆಲಸ ಅವನಿಗೆ ಸಿಕ್ಕಿತ್ತು. ನೀಲಗಿರಿ ಕೊಯ್ದು ಅಭ್ಯಾಸವಾದ ಮಿಷನ್ನು ಹಳೇ ಹುಣಸೆಯ ಚೇಗಿನಲ್ಲಿ, ಆ ಕಲ್ಲಿನಂಥ ಒಳಮರದಲ್ಲಿ, ಉಸಿರು ಕಟ್ಟುತ್ತಿತ್ತು.

"ದೀನ್ನಿ, ಈ ಮಿಷನ್ನ, ಏಮನ್ನಾ ಸ್ಪೀಡ್ ಮಾಡಿಕೊಡಣ್ಣ. ಹೊಸಾದು ತಗಳೋ ತಾಕತ್ತಿಲ್ಲ. ಕೆಲ್ಸ ನಿಧಾನ ಆದ್ರೆ ಬೇರೆಯೋರ್ಗೆ ಕೊಟ್ಬಿಡ್ತಾರೆ," ಅಂದ.

ಕೆಟ್ಟದ್ದನ್ನು ಸರಿಮಾಡುವುದು ಬೇರೆ, ಸರಿಯಿದ್ದದ್ದನ್ನು ಜೋರು ಮಾಡುವುದು ಬೇರೆ. ಎರಡನೆಯದನ್ನು ಅಪ್ಪ ಸುಲಭಕ್ಕೆ ಒಪ್ಪುತ್ತಿರಲಿಲ್ಲ, ಒಪ್ಪಿದರೆ ಮಾತ್ರ ಊಟದ ಹೊತ್ತು ಮರೆಯುತ್ತಿದ್ದ. ಸೈಲೆನ್ಸರ್ ಬಿಚ್ಚಿ ಒಳಗಿನ ತಡೆ ತಗಡನ್ನು ತೆಗೆದು, ಹೊಗೆಗೆ ಇನ್ನೊಂದು ಬಾಯಿ ಕೊರೆದ. ಸಿಲಿಂಡರಿನಲ್ಲಿ ಹೊಗೆ ಹೊರಡುವ ಕಿಂಡಿಯನ್ನು ದುಂಡು ಅರದಿಂದ ಎರಡು ದಿನ ಕೂತು ಚೂರು ಚೂರೇ ಅಗಲ ಮಾಡಿದ. ಉಜ್ಜಿದ ಅಂಚು ಚೂಪಾಗಿದ್ದರೆ ಪಿಸ್ಟನ್ನಿನ ರಿಂಗು ಸಿಕ್ಕಿ ಮುರಿಯುತ್ತದೆ; ಅದನ್ನು ನಯವಾದ ಮರಳುಕಾಗದದಲ್ಲಿ ತಿಕ್ಕಿ ನುಣುಪು ಮಾಡುವ ಕೆಲಸ ನನ್ನದು, ನನ್ನ ಬೆರಳು ಒಳಗೆ ಹಿಡಿಸುತ್ತಿತ್ತು. ಸಿಲಿಂಡರ್ ಕೆಳಗಿನ ದಪ್ಪ ಪ್ಯಾಕಿಂಗ್ ತೆಗೆದು ತೆಳುವಾದದ್ದು ಹಾಕಿದ, ಒತ್ತಡ ಹೆಚ್ಚಾಗಲಿ ಅಂತ. ಹೆಚ್ಚಾಗಿ ಪಿಸ್ಟನ್ ಮೇಲೆ ಹೋಗಿ ಬಡಿದರೂ ಕಷ್ಟ. ಅದಕ್ಕೆ ಪ್ಲಗ್ಗಿನ ತೂತಿನಿಂದ ಬೆಸುಗೆ ಹಾಕುವ ಸೀಸದ ತಂತಿ ಇಳಿಬಿಟ್ಟು, ಸ್ಟಾರ್ಟ್ ಮಾಡುವ ಹಗ್ಗ ಮೆಲ್ಲಗೆ ಎಳೆದು, ಜಜ್ಜಿದ ತುದಿಯನ್ನು ಹೊರಗೆ ತೆಗೆದು ನೋಡುವುದು. ಎರಡು ಪೋಸ್ಟ್ ಕಾರ್ಡ್ ಜೋಡಿಸಿದಷ್ಟು ದಪ್ಪ ಉಳಿದಿರಬೇಕು. ಉಳಿದಿತ್ತು. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಹೊಗೆ ಹೋಗೋ ದಾರಿ ದೊಡ್ಡದಾಯ್ತು. ಇನ್ಮೇಲೆ ಇದು ಗಾಳೀನೂ ಜಾಸ್ತಿ ಎಳ್ಕೊಳುತ್ತೆ, ಪೆಟ್ರೋಲೂ ಜಾಸ್ತಿ ಕೇಳುತ್ತೆ. ಮೊದ್ಲಿನಷ್ಟೇ ಕೊಟ್ರೆ ಒಣಗಿ ಸಾಯುತ್ತೆ. ಟ್ಯೂನಿಂಗ್ ದಿನ ಹುಷಾರಾಗಿ ಕೇಳ್ಬೇಕಮ್ಮ ರತ್ನ," ಅಂದ ನನಗೆ.

ಟ್ಯೂನಿಂಗಿಗೆ ಗೊತ್ತು ಮಾಡಿದ ದಿನವೇ ನಮ್ಮ ಸ್ಕೂಲಿನವರು ಸ್ಕಂದಗಿರಿ ಬೆಟ್ಟಕ್ಕೆ ಪ್ರವಾಸ ಹೊರಟಿದ್ದರು. ತಿಂಗಳ ಹಿಂದೆಯೇ ಅಮ್ಮ ಹೂಂ ಅಂದಿದ್ದಳು. ಆ ಹೊತ್ತಿಗೆ ಗೂಡು ಬಿಡಿಸಿ ಆಗಿರುತ್ತದೆ ಅನ್ನುವುದು ಅವಳ ಅಂದಾಜು. ಆದರೆ ಮಧ್ಯದಲ್ಲಿ ಚಳಿ ಬಿದ್ದು ಹುಳು ತಡವಾಗಿ ಎದ್ದವು, ಹೊಟ್ಟೆಬಾಕತನದ ಆ ವಾರ ಸರಿಯಾಗಿ ನನ್ನ ಬೆಟ್ಟದ ಮೇಲೆ ಬಂದು ಕೂತಿತು. ಹಿಂದಿನ ದಿನ ಅಡುಗೆಮನೆಯಲ್ಲಿ ಮಾತಾಯಿತು.

"ಬೆಳಿಗ್ಗೆ ಸೊಪ್ಪು ಹಾಕಕ್ಕೆ ಅವ್ಳು ಬೇಕು. ನನ್ ಒಬ್ಳ ಕೈಲಾಗಲ್ಲ," ಅಂದಳು ಅಮ್ಮ, ಅಪ್ಪನ ಮುಖಕ್ಕೆ ಮುಖ ಕೊಟ್ಟು.

"ಮಧ್ಯಾಹ್ನ ನಂಗೆ ಬೇಕು. ಮನೇಲಿ ಸ್ಟಾರ್ಟ್ ಮಾಡಂಗಿಲ್ಲ ಅಂತೀಯ, ಕೆರೆ ಅಂಗಳಕ್ಕೆ ಹೋಗ್ತೀವಿ. ಗಂಗುಲಪ್ಪನಿಗೆ ಮಾತು ಕೊಟ್ಟಿದೀನಿ."

"ನಂಗೆ ಬೆಟ್ಟಕ್ಕೆ ಹೋಗ್ಬೇಕು," ಅಂದೆ.

ಅಪ್ಪನಿಗೆ ಕೇಳಿಸಲಿಲ್ಲ. ಅಮ್ಮನಿಗೆ ಕೇಳಿಸಿತು.

"ಬೆಟ್ಟ ಎಲ್ಲಿಗೂ ಓಡೋಗಲ್ಲ ಕಣೇ," ಅಂದಳು.

ಅಳು ಬರಲಿಲ್ಲ, ಸಿಟ್ಟು ಬಂತು. ಒಬ್ಬರಿಗೆ ನನ್ನ ಕೈ ಬೇಕು, ಇನ್ನೊಬ್ಬರಿಗೆ ನನ್ನ ಕಿವಿ ಬೇಕು, ಉಳಿದ ನಾನು ಯಾರಿಗೆ ಬೇಕು ಅಂತ. ಮಾರನೇ ದಿನ ಬೆಳಿಗ್ಗೆ ಮುಖ ಗಂಟು ಹಾಕಿಕೊಂಡು ಸೊಪ್ಪು ಹಾಕಿದೆ. ಮಧ್ಯಾಹ್ನ ಒಣಗಿದ ಕೆರೆಯ ಅಂಗಳದಲ್ಲಿ ಜಾಲಿ ಗಿಡದ ಪಕ್ಕ ಕೂತೆ. ಗಂಗುಲಪ್ಪ ಹುಣಸೆಯ ದಿಮ್ಮಿಯೊಂದನ್ನು ತಂದು ಹಾಕಿದ್ದ. ಅಪ್ಪ ಮಿಷನ್ನನ್ನು ನೆಲಕ್ಕೊತ್ತಿ ಹಿಡಿದು ಫುಲ್ ಸ್ಪೀಡ್ ಕೊಟ್ಟು ನನ್ನ ಕಡೆ ನೋಡಿದ. ಗೊರಗೊರ. ಅಂಗೈ ತೋರಿಸಿದೆ. ಒಂದಿಷ್ಟು ಬಿಗಿ ಮಾಡಿ ಮತ್ತೆ ನೋಡಿದ. ಮತ್ತೆ ಅಂಗೈ. ಪಶ್ಚಿಮಕ್ಕೆ ದೂರದಲ್ಲಿ ಬೆಟ್ಟಗಳ ಸಾಲು ನೀಲಿಯಾಗಿ ಕಾಣುತ್ತಿತ್ತು. ಇಷ್ಟು ಹೊತ್ತಿಗೆ ಅವರೆಲ್ಲ ತುದಿಯಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿರುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಸರಿಯಾದ ಜಾಗ ಬಂದು ಹೋಗಿತ್ತು. ಅಪ್ಪ ಇನ್ನೂ ಒಂದು ಕೂದಲು ತಿರುಗಿಸಿದ, ಮಿಷನ್ನು ಕಿರ್ರೆಂದು ಒಂದೇ ನಾದಕ್ಕೆ ಬಂತು. ಅಪ್ಪ ಹುಬ್ಬೇರಿಸಿದ.

ಮುಷ್ಟಿ ಹಿಡಿಯಬೇಕಿತ್ತು. ಗೊತ್ತಿದ್ದೂ ಎರಡು ಬೆರಳು ತೋರಿಸಿದೆ.

ಗಮನ ಎಲ್ಲೋ ಇತ್ತು ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಲಿಲ್ಲ. ಆ ನಾದ ನನಗೆ ಚೆನ್ನಾಗಿ ಕೇಳಿಸಿತು. ನಿನಗೆ ನನ್ನ ಮಾತು ಕೇಳಿಸಲಿಲ್ಲ, ಇದೂ ಕೇಳಿಸದಿರಲಿ ಅನ್ನಿಸಿತು, ಅಷ್ಟೇ. ಇಷ್ಟಕ್ಕೆ ಮುಗಿದಿದ್ದರೆ ಅರ್ಧ ನಿಮಿಷದಲ್ಲಿ ಕೈ ಬದಲಾಯಿಸುತ್ತಿದ್ದೆನೋ ಏನೋ. ಆದರೆ ಒಣಗಿ ಓಡುವ ಇಂಜಿನ್ನಿಗೆ ಸ್ವಲ್ಪ ಹೊತ್ತು ಎಲ್ಲಿಲ್ಲದ ಶಕ್ತಿ. ಗಂಗುಲಪ್ಪ ಅದನ್ನು ದಿಮ್ಮಿಗಿಟ್ಟ, ಹುಣಸೆಯ ಕೆಂಪು ಚೇಗು ಹಿಟ್ಟಿನಂತೆ ಉದುರಿತು.

"ಅಬ್ಬಬ್ಬ, ಇದೇನಣ್ಣ, ಬೆಲ್ಲ ಕುಯ್ದಂಗೆ ಕುಯ್ತೈತೆ," ಅಂದ ಗಂಗುಲಪ್ಪ. ಅವನ ಮುಖ ಅರಳಿತ್ತು.

ಅಪ್ಪ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ. ಮನೆಗೆ ಬಂದು ಸಂಜೆಯ ಸೊಪ್ಪು ಹಾಕುವಾಗ ಒಂದೇ ತಟ್ಟೆಗೆ ಎರಡು ಸಲ ಹಾಕಿದೆ. ಹುಷಾರಿಲ್ವಾ ಅಂತ ಅಮ್ಮ ಹಣೆ ಮುಟ್ಟಿ ನೋಡಿದಳು.

ನಾಲ್ಕನೇ ದಿನ ಗಂಗುಲಪ್ಪ ಬಂದ, ಜೊತೆಯಲ್ಲಿ ಅವನ ಕೂಲಿಯವರಿಬ್ಬರು. ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಅರ್ಧ ಕೊಯ್ದ ಮರದಲ್ಲಿ ಇಂಜಿನ್ನು ಕಚ್ಚಿಕೊಂಡು ನಿಂತಿತ್ತು. ರಸ್ತೆಯ ಕಡೆ ವಾಲಿದ ಮರದ ಆಚೆ ಈಚೆ ನಿಂತು ಇವರು ಗಾಡಿಗಳನ್ನು ತಡೆದಿದ್ದರು, ಇನ್ನೊಬ್ಬರ ಮಿಷನ್ನು ಬಂದು ಮರ ಇಳಿಸುವವರೆಗೆ. ಮಿಕ್ಕ ಮರಗಳ ಕೆಲಸವೂ ಆ ಇನ್ನೊಬ್ಬರಿಗೇ ಹೋಗಿತ್ತು. ಗಂಗುಲಪ್ಪ ಬೈಯಲು ಬಂದವನಂತಿರಲಿಲ್ಲ. ತಪ್ಪು ಮಾಡಿದವನಂತೆ ಜಗಲಿಯ ಅಂಚಿನಲ್ಲಿ ಕೂತ. ಅಪ್ಪ ಸಿಲಿಂಡರ್ ಎತ್ತಿದ. ಪಿಸ್ಟನ್ನಿನ ಒಂದು ಮಗ್ಗುಲಿಗೆ, ಹೊಗೆ ಹೋಗುವ ಕಡೆಗೆ, ಉಗುರಿನಲ್ಲಿ ಗೀಚಿದ ಹಾಗೆ ಉದ್ದುದ್ದ ಗಾಯ.

"ಆಯಿಲ್ ಕಮ್ಮಿ ಹಾಕ್ಬಿಟ್ನೇನೋ ಅಣ್ಣ. ಹುಡುಗ್ರು ಕಲ್ಸಿದ್ದು, ನಾನು ನೋಡ್ಲಿಲ್ಲ," ಅಂದ ಗಂಗುಲಪ್ಪ.

ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ದಾರಿ. ಇಂಜಿನ್ನು ಕಚ್ಚಿದರೆ ಗಿರಾಕಿ ಎಣ್ಣೆ ಸರಿಯಾಗಿ ಬೆರೆಸಿಲ್ಲ ಅನ್ನುವುದು. ಅಲ್ಲ ಅಂತ ಸಾಬೀತು ಮಾಡಲು ಯಾರಿಂದ ಆಗುತ್ತದೆ. ಇಲ್ಲಿ ಗಿರಾಕಿಯೇ ಅದನ್ನು ಕೈಗೆತ್ತಿ ಕೊಡುತ್ತಿದ್ದ. ತಗೋ ಅಪ್ಪ, ತಗೋ ಅಂತ ನಾನು ಮೆಟ್ಟಿಲ ಮೇಲೆ ಕೂತು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಅಂಗೈಗೆ ಬಸಿದು ಉಜ್ಜಿದ, ಮೂಸಿದ. ಆಮೇಲೆ ನನ್ನ ಕಡೆ ನೋಡಿದ. ಜಾಸ್ತಿ ಹೊತ್ತಲ್ಲ.

"ನಿನ್ ಆಯಿಲ್ ಸರಿಯಾಗಿದೆ ಗಂಗುಲಪ್ಪ. ಒಣಗಿ ಓಡಿದೆ ಇದು. ತಪ್ಪು ನಂದು. ನಂಗೆ ಕಿವಿ ಕೇಳ್ಸಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದಳು. ಅಷ್ಟು ವರ್ಷ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದ ವಿಷಯವನ್ನು ಅಪ್ಪ ಮೂರು ಜನರ ಮುಂದೆ ನೀರು ಚೆಲ್ಲಿದ ಹಾಗೆ ಚೆಲ್ಲಿಬಿಟ್ಟಿದ್ದ. ಬೇರೆ ಪಿಸ್ಟನ್ ತರಿಸಿ ಹಾಕಿಕೊಡ್ತೀನಿ, ಗೂಡು ಬಿಡಿಸೋ ಹೊತ್ತಿಗೆ ಬಾ ಅಂದ ಅಪ್ಪ. ಗಂಗುಲಪ್ಪ ತಲೆಯಾಡಿಸಿ ಎದ್ದು ಹೋದ. ಆಮೇಲಿನ ದಿನಗಳಲ್ಲಿ ಜಗಲಿಗೆ ಒಂದು ಮಿಷನ್ನೂ ಬರಲಿಲ್ಲ. ರಿಪೇರಿಗೆ ಬಿಟ್ಟಿದ್ದ ಮೇಲೂರಿನವರೊಬ್ಬರು ಬಂದು, ಅರ್ಜೆಂಟಿದೆ ಅಂತ, ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಚೀಲಕ್ಕೆ ತುಂಬಿಕೊಂಡು ಹೋದರು. ಅಪ್ಪ ಖಾಲಿ ಜಗಲಿಯನ್ನು ದಿನಕ್ಕೆ ಎರಡು ಸಲ ಗುಡಿಸುತ್ತಿದ್ದ.

ಹುಳು ಹಣ್ಣಾದವು. ಮೈ ಹೊಳೆಯುವ, ಮೇವು ಬಿಟ್ಟ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ, ಬಿದಿರಿನ ಸುರುಳಿ ಹೆಣೆದ ತಟ್ಟಿಗೆ, ಬಿಡುತ್ತಾ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಕೆಲಸ ನಿಲ್ಲಿಸಲಿಲ್ಲ.

"ನಂಗ್ಯಾಕೆ ಹೇಳ್ತೀಯ. ಹೋಗಿ ಅವ್ರಿಗೆ ಹೇಳು," ಅಂದಳು.

ಅಪ್ಪ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತು, ಗಂಗುಲಪ್ಪನ ಸಿಲಿಂಡರಿಗೆ ಅಂಟಿದ್ದ ಪಿಸ್ಟನ್ನಿನ ಲೋಹವನ್ನು ಉಜ್ಜಿ ತೆಗೆಯುತ್ತಿದ್ದ. ನಾನು ಹಿಂದೆ ನಿಂತು ಹೇಳಿದೆ. ಅಪ್ಪಾ, ನಂಗೆ ಕೇಳಿಸಿತ್ತು, ಬೇಕೂಂತ ಎರಡು ಬೆರಳು ತೋರಿಸಿದೆ ಅಂತ ಪೂರ್ತಿ ಹೇಳಿದೆ. ಅವನು ಉಜ್ಜುತ್ತಲೇ ಇದ್ದ. ಅವನಿಗೆ ಕೇಳಿಸದ ಜಾಗ ನೋಡಿಕೊಂಡೇ ನಿಂತಿದ್ದೇನೆ ಅಂತ ಹೊಳೆದಾಗ ನಾಚಿಕೆಯಾಯಿತು. ಮುಂದೆ ಹೋಗಿ ಕೂತು, ಅಮ್ಮ ಜಗಳ ಆಡುವ ಹಾಗೆ ಒಂದೊಂದೇ ಮಾತು ಬಿಡಿಸಿ ಇನ್ನೊಮ್ಮೆ ಹೇಳಿದೆ.

"ಗೊತ್ತಮ್ಮ. ಪಿಸ್ಟನ್ ನೋಡ್ದಾಗ್ಲೇ ಗೊತ್ತಾಯ್ತು," ಅಂದ ಅಪ್ಪ. ಅರವನ್ನು ಕೆಳಗಿಟ್ಟ. "ಅಷ್ಟು ಒಣಗಿದ್ರೆ ನಿಂಗೆ ಕೇಳ್ದೆ ಇರಲ್ಲ."

"ಮತ್ತೆ ಅವ್ರ ಮುಂದೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿನ್ ಕಿವೀನ ನನ್ ಕಿವಿ ಅಂತ ತೋರುಸ್ಕೊಂಡು ಇಷ್ಟು ವರ್ಷ ನಡ್ಸಿದ್ದು ನಾನು." ಸಿಲಿಂಡರಿನ ಒಳಗನ್ನು ಬೆರಳಿನಿಂದ ಒರೆಸಿದ. "ಅವತ್ತು ಬೆಟ್ಟಕ್ಕೆ ಹೋಗ್ಬೇಕು ಅಂದ್ಯಂತೆ. ನಿಮ್ಮಮ್ಮ ಹೇಳಿದ್ಲು. ಕಳ್ಸ್ಬೇಕಿತ್ತು ಕಣಮ್ಮ."

ಆಗ ಅತ್ತೆ. ಚೆನ್ನಾಗಿ ಅತ್ತೆ. ಅಪ್ಪ ಎಣ್ಣೆ ಕೈಯಲ್ಲಿ ಮುಟ್ಟಲು ಹೋಗಿ ಹುಳುಮನೆಯ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋದ ಮೇಲೆ ಮನೆಯಲ್ಲಿ ಇಂಜಿನ್ ಸ್ಟಾರ್ಟ್ ಮಾಡಬಹುದಾಯಿತು. ಗಂಗುಲಪ್ಪ ಬರುವನೋ ಇಲ್ಲವೋ ಅಂತ ನಾವು ಮೂವರೂ ಬಾಯಿಬಿಟ್ಟು ಹೇಳದೆ ಕಾದಿದ್ದೆವು. ಬಂದ, ಅದೇ ಇಬ್ಬರ ಜೊತೆ. ಕಿವುಡನ ಟ್ಯೂನಿಂಗ್ ನೋಡಲು ಊರಿನ ನಾಲ್ಕಾರು ಗಂಡಸರ ಗುಂಪೂ ಗೋಡೆಗೊರಗಿ ನಿಂತಿತು. ನಾನು ಅಭ್ಯಾಸಬಲದಿಂದ ಪುಸ್ತಕ ಹಿಡಿದು ಮೆಟ್ಟಿಲ ಕಡೆ ಹೊರಟೆ. ಅಪ್ಪ ಹೆಸರು ಹಿಡಿದು ಕರೆದ. ಪುಸ್ತಕ ಕಿತ್ತು ಕಿಟಕಿಯಲ್ಲಿಟ್ಟು ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟ. ತಾನು ಮಂಡಿಯೂರಿ ಮಿಷನ್ನು ಹಿಡಿದು ಹಗ್ಗ ಎಳೆದ, ಫುಲ್ ಸ್ಪೀಡ್ ಕೊಟ್ಟ. ಗೊರಗೊರ ಜಗಲಿಯ ತುಂಬ ತುಂಬಿತು. ನಾನು ಕೂತು, ಸ್ಕ್ರೂವಿಗೆ ತುದಿಯಿಟ್ಟು, ಒಂದು ಕೂದಲಿನಷ್ಟು ತಿರುಗಿಸಿದೆ. ಇನ್ನೊಂದು ಕೂದಲು. ಹಿಂದೆ ಯಾರೋ ನಕ್ಕರು. ಅಪ್ಪ ನನ್ನ ಮುಖವನ್ನಾಗಲಿ ಬೆರಳನ್ನಾಗಲಿ ನೋಡುತ್ತಿರಲಿಲ್ಲ, ಚೈನಿನ ಕಡೆ ನೋಡುತ್ತಿದ್ದ.

"ಆಯ್ತಾ ಅಣ್ಣ?" ಅಂತ ಗಂಗುಲಪ್ಪ ಅವನ ಕಿವಿಯ ಹತ್ತಿರ ಬಗ್ಗಿ ಕೂಗಿದ.

"ನನ್ನೇನ್ ಕೇಳ್ತೀಯ. ಅವ್ಳನ್ನ ಕೇಳು."

ಗಂಗುಲಪ್ಪ ನೆಟ್ಟಗೆ ನಿಂತ. ಅಪ್ಪನನ್ನು ನೋಡಿದ, ಗೋಡೆಗೊರಗಿದವರನ್ನು ನೋಡಿದ, ಆಮೇಲೆ ನನ್ನ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ.

"ಆಯ್ತೇನಮ್ಮ?"

ಗೊರಗೊರ ತೆಳುವಾಗುತ್ತಿತ್ತು, ಸರಿಯಾದ ಜಾಗಕ್ಕೆ ಬಂದಿರಲಿಲ್ಲ.

"ಇನ್ನೂ ಇಲ್ಲ," ಅಂದೆ.

ಅವರೆಲ್ಲ ಕಾದರು.